ಅಮ್ಮನ ರುಜು

ತೀರ್ಥಹಳ್ಳಿಯ ಕಡೆಯಿಂದ ಕರಾವಳಿಗೆ ಇಳಿಯುವವರಿಗೆ ಆಗುಂಬೆಯ ಘಾಟಿಯ 14 ತಿರುವುಗಳು ಬಾಲ್ಯದಿಂದಲೂ ಪರಿಚಿತವಾದುವು; ಮದುವೆಯ ದಿಬ್ಬಣವಾಗಲಿ, ಉಡುಪಿಯ ಕೃಷ್ಣದರ್ಶನಕ್ಕೆ ಹೊರಟ ಯಾತ್ರೆಯಾಗಲಿ, ರೋಗಿಯನ್ನು ಮಲಗಿಸಿಕೊಂಡ ವಾಹನವಾಗಲಿ, ಎಲ್ಲವೂ ಆ ತಿರುವುಗಳನ್ನೇ ಎಣಿಸಿಕೊಂಡು ಇಳಿಯತಕ್ಕದ್ದು. ಕಳೆದ ಮಾಘಮಾಸದ ಒಂದು ಮುಂಜಾವಿನಲ್ಲಿ, ಕಾಡಿನ ಮೇಲಣ ಮಂಜು ಇನ್ನೂ ಹರಿಯದಿದ್ದ ಹೊತ್ತಿನಲ್ಲಿ, 73 ವರ್ಷ ವಯಸ್ಸಿನ ನನ್ನ ತಾಯಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ದಿಂಬಿಗೊರಗಿಸಿ ಕೂರಿಸಿ, ಪಕ್ಕದಲ್ಲಿ ನಾನೂ ಮುಂದೆ ಅಪ್ಪಯ್ಯನೂ ಕುಳಿತು ಆ ಘಾಟಿಯನ್ನಿಳಿಯುತ್ತಿದ್ದೆವು. ಅರ್ಧ ದಾರಿ ಕಳೆದಿರಬಹುದು. ಅಮ್ಮ ಕಿಟಕಿಯ ಹೊರಗಿನಿಂದ ದೃಷ್ಟಿಯನ್ನು ತೆಗೆಯದೆಯೇ, ಹಾಲಿಗೆ ಹೆಪ್ಪು ಹಾಕಿದೆಯಾ ಎಂದು ಕೇಳುವ ಸ್ವರದಲ್ಲಿ, “ನನ್ನ ಎದೆ ಕೊಯ್ತಾರಂತೆ, ಹೌದಾ ಮಗೂ?” ಎಂದಳು.

ಆ ಪ್ರಶ್ನೆಗೆ ನಾನು ಸಿದ್ಧನಾಗಿರಲಿಲ್ಲ. ಸಿದ್ಧನಾಗಿರಲಿಲ್ಲವೆನ್ನುವುದಕ್ಕಿಂತ, ಆ ಪ್ರಶ್ನೆ ಅವಳ ಬಾಯಿಂದ ಹೊರಡದಂತೆ ನೋಡಿಕೊಳ್ಳುವ ಸನ್ನಾಹದಲ್ಲಿಯೇ ನಾವು ಮೂವರು ಮಕ್ಕಳೂ ಹದಿನೈದು ದಿನಗಳನ್ನು ಕಳೆದಿದ್ದೆವೆನ್ನುವುದು ಹೆಚ್ಚು ನಿಜ.

ಕಾಯಿಲೆ ತಲೆದೋರಿದ್ದು ಅಡಿಕೆ ಕೊಯ್ಲಿನ ಕಾಲದಲ್ಲಿ. ಪ್ರತಿ ವರ್ಷವೂ ಚಪ್ಪರದ ಕೆಳಗೆ ಮೆಟ್ಟುಗತ್ತಿಯ ಮುಂದೆ ಕುಳಿತು, ಸುಲಿಯಲು ಬಂದ ಹೆಂಗಸರಿಗೆಲ್ಲ ಕಥೆ ಹೇಳುತ್ತ, ರಾತ್ರಿ ಹನ್ನೊಂದರ ಪರ್ಯಂತ ಏಳದಿದ್ದ ಅಮ್ಮ, ಈ ಬಾರಿ ಎಂಟು ಗಂಟೆಗೇ ಎದ್ದು ಒಳಗೆ ಹೋಗತೊಡಗಿದಳು. ಬಾವಿಕಟ್ಟೆಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಎರಡು ಕಡೆ ನಿಲ್ಲುವಳು, ದವಡೆ ಸೆಳೆಯುತ್ತದೆನ್ನುವಳು, ಬೆನ್ನಿನ ನಡುವೆ ಯಾರೋ ಗುದ್ದಲಿಯ ಕಾವು ಒತ್ತಿ ಹಿಡಿದಂತೆ ಆಗುತ್ತದೆನ್ನುವಳು. ಎಲ್ಲವನ್ನೂ ವಾಯುವಿನ ತಲೆಗೆ ಕಟ್ಟಿ ಜೀರಿಗೆಯ ಕಷಾಯವನ್ನು ಕುಡಿದು ಮಲಗುವಳು. ನಾವೂ ಒಪ್ಪಿದೆವು. ಹೃದಯದ ವ್ಯಾಧಿಯೆಂದರೆ ಗಂಡಸೊಬ್ಬ ಎದೆಯನ್ನು ಹಿಡಿದುಕೊಂಡು ಕುಸಿಯುವುದೆಂಬ ಚಿತ್ರವೇ ನಮ್ಮೆಲ್ಲರ ಮನಸ್ಸಿನಲ್ಲಿ ನೆಲೆಸಿತ್ತು. ಸ್ತ್ರೀಯರಲ್ಲಿ, ಅದರಲ್ಲಿಯೂ ಬಹುಕಾಲದಿಂದ ಸಕ್ಕರೆ ಕಾಯಿಲೆಯಿರುವವರಲ್ಲಿ, ಅದು ಎದೆನೋವಿನ ಸೋಂಕೂ ಇಲ್ಲದೆ ಏದುಸಿರಾಗಿ, ಆಯಾಸವಾಗಿ, ದವಡೆಯ ಸೆಳೆತವಾಗಿ ಬರಬಹುದೆಂಬುದನ್ನು ನಾವು ತಿಳಿದದ್ದು ತೀರ ತಡವಾಗಿ. ಆಂಜಿಯೋಗ್ರಾಮ್ ಮಾಡಿ ನೋಡಿದಾಗ ಹೃದಯಕ್ಕೆ ರಕ್ತವನ್ನುಣಿಸುವ ಮೂರು ಮುಖ್ಯ ಧಮನಿಗಳಲ್ಲಿಯೂ ತಡೆಯಿತ್ತು. ಸ್ಟೆಂಟ್ ಹಾಕಿ ಕಳುಹಿಸಬಾರದೇ ಎಂದು ಅಣ್ಣ ಕೇಳಿದ. ಮಧುಮೇಹವಿದ್ದು ಮೂರು ನಾಳಗಳೂ ಕೆಟ್ಟಿರುವವರಿಗೆ ಬೈಪಾಸೇ ಹೆಚ್ಚು ಕಾಲ ಬಾಳುವ ಉಪಾಯವೆಂದು ವೈದ್ಯರು ಹೇಳಿದರು. ಈ ಮಾತುಕತೆಯೆಲ್ಲ ನಡೆದದ್ದು ಹೊರಗಣ ಮೊಗಸಾಲೆಯಲ್ಲಿ. ಅಲ್ಲಿಂದ ಹತ್ತು ಹೆಜ್ಜೆ ದೂರದ ಮಂಚದ ಮೇಲೆ, ಯಾರ ಹೃದಯದ ವಿಷಯವಾಗಿ ಮಾತು ನಡೆಯುತ್ತಿತ್ತೋ ಅವಳು ಮಲಗಿ ನಮ್ಮ ಮುಖಗಳನ್ನು ನೋಡುತ್ತಿದ್ದಳು.

ಆ ರಾತ್ರಿಯೇ ನಮ್ಮ ಒಪ್ಪಂದವಾಯಿತು. ಅಮ್ಮನಿಗೆ ಹೇಳುವುದು ಬೇಡ, ಹೇಳಿದರೆ ಅಧೈರ್ಯಪಡುತ್ತಾಳೆ, ಸಣ್ಣದೊಂದು ಚಿಕಿತ್ಸೆ ಎಂದರಾಯಿತು. ಬೆಂಗಳೂರಿನಿಂದ ಬಂದಿದ್ದ ಅಣ್ಣನೂ ಮೈಸೂರಿನ ತಂಗಿಯೂ ನಾನೂ ಇದಕ್ಕೆ ಏಕಕಂಠದಿಂದ ಒಪ್ಪಿದೆವು. ಇಂಥ ಒಪ್ಪಂದಗಳು ನಮ್ಮ ಕಡೆ ಪ್ರತಿಯೊಂದು ಮನೆಯಲ್ಲಿಯೂ ನಡೆಯುತ್ತವೆ. ಅವುಗಳ ಮೂಲ ಪ್ರೀತಿಯೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಪ್ರೀತಿಯಿಂದ ಕಟ್ಟಿದ ಗೋಡೆಯೂ ಗೋಡೆಯೇ. ದಿನಕ್ಕೊಬ್ಬರಂತೆ ನೆಂಟರು ಮೂಸಂಬಿ ಹಿಡಿದುಕೊಂಡು ಬಂದರು. ಅವಳೊಡನೆ ಮಳೆ ಬೆಳೆಯ ಮಾತಾಡಿ, ಹೊರಡುವಾಗ ಅವಳ ಕೈಯನ್ನು ವಾಡಿಕೆಗಿಂತ ಹೆಚ್ಚು ಹೊತ್ತು ಹಿಡಿದುಕೊಂಡು, ಕಣ್ಣು ತಪ್ಪಿಸಿ ಹೋದರು. ನಾವು ಫೋನಿನಲ್ಲಿ ಮಾತಾಡಬೇಕಾದರೆ ತೋಟಕ್ಕೆ ಇಳಿಯುತ್ತಿದ್ದೆವು. ಅವಳು ಒಳಗೆ ಬಂದೊಡನೆ ಜಗಲಿಯ ಮಾತು ನಿಲ್ಲುತ್ತಿತ್ತು. ಐವತ್ತು ವರ್ಷ ಆ ಮನೆಯ ಸಮಸ್ತ ಸುದ್ದಿಯೂ ಮೊದಲು ತಲುಪುತ್ತಿದ್ದುದು ಅವಳ ಕಿವಿಗೆ. ಈಗ ಅವಳದೇ ದೇಹದ ಸುದ್ದಿ ಅವಳನ್ನು ಬಳಸಿಕೊಂಡು ಓಡಾಡುತ್ತಿತ್ತು.

“ಊರಿಗೆಲ್ಲ ಗೊತ್ತಿದೆ. ನನಗೊಬ್ಬಳಿಗೆ ಹೇಳ್ಲಿಕ್ಕೆ ಯಾರಿಗೂ ಬಾಯಿಲ್ಲ,” ಎಂದಳು ಅಮ್ಮ, ಘಾಟಿಯ ಕೊನೆಯ ತಿರುವಿನಲ್ಲಿ. ಮುಂದಿನ ಸೀಟಿನಲ್ಲಿದ್ದ ಅಪ್ಪಯ್ಯ ತಿರುಗಿ ನೋಡಲಿಲ್ಲ. ಅವರ ಹೆಗಲು ಮಾತ್ರ ಒಂದಿಷ್ಟು ಕುಗ್ಗಿದಂತೆ ಕಂಡಿತು.

ಘಾಟಿಯ ಬುಡದ ಸೋಮೇಶ್ವರದಲ್ಲಿ ಕಾರನ್ನು ಮರದ ನೆರಳಿಗೆ ನಿಲ್ಲಿಸಹೇಳಿ ಎಲ್ಲವನ್ನೂ ಹೇಳಿದೆ. ಮೂರು ನಾಳಗಳಲ್ಲಿ ತಡೆಯಿರುವುದು, ಎದೆಯ ನಡುವಣ ಎಲುಬನ್ನು ಸೀಳಿ ತೆರೆಯುವುದು, ಕಾಲಿನಿಂದ ರಕ್ತನಾಳವನ್ನು ತೆಗೆದು ಹೃದಯಕ್ಕೆ ಹೊಲಿಯುವುದು, ಅಷ್ಟು ಹೊತ್ತು ಯಂತ್ರವೊಂದು ಹೃದಯದ ಕೆಲಸವನ್ನು ಮಾಡುವುದು, ಅಪಾಯವಿರುವುದು, ಆದರೆ ಬಹುಪಾಲು ಜನ ಗುಣವಾಗಿ ಮನೆಗೆ ಹೋಗುವುದು. ನನ್ನ ಸ್ವರ ನಡುಗುತ್ತಿತ್ತು. ಅವಳು ನಡುವೆ ಒಂದು ಮಾತನ್ನೂ ಆಡದೆ ಕೇಳಿ, ಮುಗಿದ ಮೇಲೆ, “ಅಂದ್ರೆ ಗಂಟಲ್ಲವಾ?” ಎಂದಳು.

ನನಗೆ ಅರ್ಥವಾಗಲಿಲ್ಲ. ತರುವಾಯ ಅರ್ಥವಾಯಿತು. ಅವಳ ಅಕ್ಕ, ನನ್ನ ದೊಡ್ಡಮ್ಮ, ಬಹಳ ವರ್ಷಗಳ ಹಿಂದೆ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ಎದೆಯೆಂಬ ಮಾತಿಗೆ ನಮ್ಮ ಭಾಷೆಯಲ್ಲಿ ಸ್ತನವೂ ಅರ್ಥ, ಹೃದಯವೂ ಅರ್ಥ, ಎದೆಗೂಡೂ ಅರ್ಥ, ಧೈರ್ಯವೂ ಅರ್ಥ. ಜಗಲಿಯಿಂದ ತೇಲಿಬಂದ “ಎದೆಯ ಆಪರೇಶನ್” ಎಂಬ ತುಂಡು ಮಾತನ್ನು ಹಿಡಿದುಕೊಂಡು ಅಮ್ಮ ಹದಿನೈದು ರಾತ್ರಿಗಳನ್ನು ತನ್ನ ಅಕ್ಕನ ಕೊನೆಯ ದಿನಗಳನ್ನು ನೆನೆಯುತ್ತ ಕಳೆದಿದ್ದಳು. ಅವಳಿಗೆ ಭಯವಾಗಬಾರದೆಂದು ನಾವು ಮುಚ್ಚಿಟ್ಟ ಸತ್ಯದ ಜಾಗದಲ್ಲಿ ಅದಕ್ಕಿಂತ ಘೋರವಾದ ಸುಳ್ಳೊಂದು ತಾನಾಗಿ ಬೆಳೆದು ನಿಂತಿತ್ತು. ಅದನ್ನು ಅವಳು ಒಬ್ಬಳೇ ಹೊತ್ತುಕೊಂಡಿದ್ದಳು. “ಹೃದಯದ್ದಾದ್ರೆ ಸರಿ ಬಿಡು,” ಎಂದು ಅವಳು ನೀರು ಕೇಳಿ ಕುಡಿದಾಗ ಅವಳ ಮುಖದಲ್ಲಿ ಮೂಡಿದ ತಿಳಿವನ್ನು ನಾನು ಮರೆಯಲಾರೆ, ಆ ಹದಿನೈದು ರಾತ್ರಿಗಳಿಗಾಗಿ ನನ್ನನ್ನು ನಾನು ಕ್ಷಮಿಸಲೂ ಆರೆ.

ಆಸ್ಪತ್ರೆಯಲ್ಲಿ ಒಪ್ಪಿಗೆಯ ಪತ್ರವನ್ನು ತಂದವರು ಅದನ್ನು ಅಭ್ಯಾಸಬಲದಿಂದ ಅಣ್ಣನ ಮುಂದೆ ಚಾಚಿದರು. ಅಣ್ಣ ಪೆನ್ನು ತೆಗೆದ. ಅಮ್ಮ ಮಂಚದಿಂದ, “ಇಲ್ಲಿ ಕೊಡಿ, ಸೀಳೋದು ನನ್ನನ್ನಲ್ಲವಾ?” ಎಂದಳು. ಪ್ರಾಪ್ತವಯಸ್ಸಿನ, ಸ್ವಸ್ಥಬುದ್ಧಿಯ ರೋಗಿಯ ಪರವಾಗಿ ಹೆತ್ತ ತಾಯಿ ಕೊಟ್ಟ ಸಮ್ಮತಿಯೂ ಸಮ್ಮತಿಯಾಗದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2008ರಲ್ಲಿಯೇ ತೀರ್ಪಿತ್ತಿದೆ. ತಾಯಿಗೇ ಇಲ್ಲದ ಅಧಿಕಾರ ಮಗನಿಗೆ ಎಲ್ಲಿಂದ ಬಂದೀತು? ಆದರೆ ಅಮ್ಮನಿಗೆ ತೀರ್ಪಿನ ಅಗತ್ಯವಿರಲಿಲ್ಲ. ಅಷ್ಟರಲ್ಲಿ ಬಂದ ಶಸ್ತ್ರವೈದ್ಯರು, ನಮ್ಮ ಪುಣ್ಯಕ್ಕೆ ಮಾತಿನ ಬೆಲೆಯನ್ನು ಬಲ್ಲವರು, ಸ್ಟೂಲನ್ನೆಳೆದುಕೊಂಡು ಅವಳ ಎದುರಿಗೇ ಕುಳಿತು, ಒಂದು ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಎರಡು ನಾಳಗಳಿಗೆ ಕಾಲಿನ ರಕ್ತನಾಳವನ್ನು ಹೊಲಿಯುತ್ತೇವೆ, ಮೂರನೆಯದಕ್ಕೆ, ಎಂದರೆ ಹೃದಯದ ಮುಂಭಾಗದ ಮುಖ್ಯ ಧಮನಿಗೆ, ಎದೆಗೂಡಿನ ಒಳಮೈಯಲ್ಲಿ ಇಳಿದುಬರುವ ನಾಳವೊಂದರ ಕೆಳತುದಿಯನ್ನು ಬಿಡಿಸಿ ತಂದು ಜೋಡಿಸುತ್ತೇವೆ. ಕಾಲಿನದು ವರ್ಷಗಳು ಕಳೆದಂತೆ ಕಟ್ಟಿಕೊಳ್ಳುವುದುಂಟು, ಇದು ಮಾತ್ರ ಹತ್ತರಲ್ಲಿ ಒಂಬತ್ತು ಜನರಲ್ಲಿ ಹತ್ತು ವರ್ಷಗಳ ಮೇಲೂ ಹರಿಯುತ್ತಿರುತ್ತದೆ, ಎಂದರು. “ಅಲ್ಲಿ ಅದು ಇಷ್ಟು ದಿವಸ ಏನು ಮಾಡ್ತಾ ಇತ್ತು?” ಎಂದು ಅಮ್ಮ ಕೇಳಿದಳು. ಎದೆಯ ಮಾಂಸಕ್ಕೂ ಸ್ತನಕ್ಕೂ ರಕ್ತವನ್ನು ಕೊಡುವುದು ಅದರ ಕೆಲಸ, ತಾಯೀ, ಎಂದರು ವೈದ್ಯರು.

ಮೂವರು ಮಕ್ಕಳು ಆ ಮಂಚದ ಸುತ್ತ ನಿಂತಿದ್ದೆವು. ಯಾವ ನಾಳದ ರಕ್ತದಿಂದ ನಮಗೆ ಹಾಲಾಯಿತೋ ಅದೇ ನಾಳವೀಗ ತಿರುಗಿ ಅವಳ ಹೃದಯವನ್ನು ಉಣಿಸಬೇಕಾಗಿತ್ತು. ಯಾರೂ ಮಾತಾಡಲಿಲ್ಲ. ಅಮ್ಮ ಕನ್ನಡಕ ಕೇಳಿ ಹಾಕಿಕೊಂಡು, ಹಾಳೆಯನ್ನು ತೊಡೆಯ ಮೇಲಿನ ತಟ್ಟೆಯ ಮೇಲೆ ಇಟ್ಟು, ನಾಲ್ಕನೆಯ ತರಗತಿಗೆ ಬಿಟ್ಟ ಅಕ್ಷರಗಳನ್ನು ಒಂದೊಂದಾಗಿ ಕರೆದು ಕೂರಿಸಿದಳು. ಕೊನೆಯ ಒತ್ತಕ್ಷರವನ್ನು ಬರೆಯುವಾಗ ನಾಲಿಗೆಯ ತುದಿ ತುಟಿಯ ಅಂಚಿಗೆ ಬಂದಿತ್ತು. ಬರೆದು, ದೂರ ಹಿಡಿದು ನೋಡಿ, ತಲೆಕಟ್ಟು ಬಿಟ್ಟುಹೋಗಿದ್ದ ಒಂದು ಅಕ್ಷರಕ್ಕೆ ತಲೆಕಟ್ಟನ್ನು ಹಾಕಿ ಕೊಟ್ಟಳು.

ಸಿದ್ಧತೆಯ ದಿನಗಳು ನಾನೆಣಿಸಿದಂತೆ ಕೇವಲ ಕಾಯುವ ದಿನಗಳಾಗಿರಲಿಲ್ಲ. ಉಸಿರಾಟದ ಅಭ್ಯಾಸಕ್ಕೆಂದು ಪ್ಲಾಸ್ಟಿಕ್ಕಿನ ಒಂದು ಉಪಕರಣವನ್ನು ಕೊಟ್ಟರು. ಮೂರು ಕೊಳವೆಗಳು, ಮೂರರಲ್ಲಿಯೂ ಒಂದೊಂದು ಗೋಲಿ, ಬದಿಯಲ್ಲಿ ಬಾಯಿಗಿಡುವ ನಳಿಗೆ. ದೀರ್ಘವಾಗಿ ಉಸಿರನ್ನು ಒಳಗೆಳೆದುಕೊಂಡರೆ ಗೋಲಿಗಳು ಏಳುತ್ತವೆ. ಎದೆ ಸೀಳಿದ ತರುವಾಯ ನೋವಿಗೆ ಹೆದರಿ ರೋಗಿ ಮೇಲುಸಿರೇ ಬಿಡುವುದರಿಂದ ಶ್ವಾಸಕೋಶದ ತಳದಲ್ಲಿ ಕಫ ನಿಂತು ಸೋಂಕಾಗಬಾರದೆಂದು ಈ ಸಾಧನೆ. ಅಮ್ಮ ನಳಿಗೆಯನ್ನು ಬಾಯಿಗಿಟ್ಟು ಊದಿದಳು. ಗೋಲಿ ಏಳಲಿಲ್ಲ. ಇನ್ನೂ ಬಲವಾಗಿ ಊದಿದಳು. ಐವತ್ತು ವರ್ಷ ಬೆಳಗೂ ಬೈಗೂ ಹಸಿ ಸೌದೆಯ ಒಲೆಗೆ ಊದುಗೊಳವೆಯನ್ನಿಟ್ಟು ಊದಿದ ಬಾಯಿಗೆ ಕೊಳವೆಯೆಂದರೆ ಊದುವುದೆಂದೇ ರೂಢಿ. ಕೊಳವೆಯಿಂದ ತನಗಾಗಿ ಉಸಿರನ್ನು ಎಳೆದುಕೊಳ್ಳುವುದನ್ನು ಅವಳು ಹೊಸದಾಗಿ ಕಲಿಯಬೇಕಾಯಿತು. ತಂಗಿ ಪಕ್ಕದಲ್ಲಿ ಕುಳಿತು, ಪಾಯಸ ಹೀರಿದ ಹಾಗೆ ಅಮ್ಮಾ, ಎಂದು ಹೇಳಿಕೊಟ್ಟಳು. ಮೊದಲ ದಿನ ಒಂದು ಗೋಲಿ ಅರ್ಧಕ್ಕೆದ್ದು ಬಿತ್ತು. ಮೂರನೆಯ ದಿನ ಎರಡು ಗೋಲಿಗಳು ನಿಂತವು. ಊರಿನಿಂದ ರಕ್ತ ಕೊಡಲು ಜೀಪಿನಲ್ಲಿ ಇಳಿದುಬಂದಿದ್ದ ಏಳು ಜನ ಹುಡುಗರು ಆ ಹೊತ್ತಿಗೆ ಅಲ್ಲಿದ್ದರು. ಮಡಿಯಲ್ಲದೆ ದೇವರ ಕೋಣೆಯ ಹೊಸ್ತಿಲನ್ನು ದಾಟದ ಅಮ್ಮ, ಅವರಲ್ಲಿ ಪ್ರತಿಯೊಬ್ಬನ ಮನೆಯ ಹೆಸರು ಕೇಳಿ, ನನ್ನಿಂದ ಬರೆಯಿಸಿದಳು: ಗುಣವಾಗಿ ಬಂದ ಮೇಲೆ ಅವರನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕೂರಿಸಿ ಊಟ ಬಡಿಸಬೇಕು.

ಹಿಂದಿನ ಸಂಜೆ ಅವಳು ಹೇಳಿ ಬರೆಯಿಸಿದ ಪಟ್ಟಿ ಇದಕ್ಕಿಂತ ಉದ್ದವಾದದ್ದು. “ಹೇಳ್ತೇನೆ, ಬರ್ಕೋ,” ಎಂದಳು. ಅವಲಕ್ಕಿ ಸರ ಮಗಳಿಗೆ. ಎರಡೆಳೆ ಸರ ದೊಡ್ಡ ಸೊಸೆಗೆ. ಕೈಬಳೆಗಳನ್ನು ನನ್ನ ಹೆಂಡತಿಗೆ. ಕೆಳಗಿನ ಮನೆಯವರಿಂದ ಸಾವಿರದಿನ್ನೂರು ರೂಪಾಯಿ ಬರಬೇಕು, ಕೇಳಬೇಡಿ, ಅವರಿಗೆ ಈ ವರ್ಷ ಕೊಳೆರೋಗ ಬಂದು ಅಡಿಕೆಯಿಲ್ಲ. ಅಪ್ಪೆಮಿಡಿಯ ಹಳೆಯ ಭರಣಿಯನ್ನು ಮೊದಲು ತೆಗೆಯಬೇಕು, ಹೊಸದು ಇನ್ನೂ ಉಪ್ಪಿನಲ್ಲಿದೆ. ಗೌರಿ ಗಬ್ಬವಾಗಿದೆ, ಫಾಲ್ಗುಣದಲ್ಲಿ ಕರು ಹಾಕುತ್ತದೆ, ರಾತ್ರಿ ಒಮ್ಮೆ ಎದ್ದು ಕೊಟ್ಟಿಗೆಯನ್ನು ನೋಡಬೇಕು. ಅಪ್ಪಯ್ಯನಿಗೆ ರಾತ್ರಿ ಊಟಕ್ಕೆ ಮಜ್ಜಿಗೆ ಹುಳಿಯಾಗಿರಬಾರದು, ಅವರು ಬಾಯಿಬಿಟ್ಟು ಹೇಳುವವರಲ್ಲ. ಅಣ್ಣ ಎದ್ದು ನಿಂತು, “ಅಮ್ಮಾ, ಈಗ ಯಾಕೆ ಇಂಥ ಮಾತು? ನಿನಗೇನೂ ಆಗೋದಿಲ್ಲ,” ಎಂದ, ಕಣ್ಣು ತುಂಬಿ ಹೊರಗೆ ಹೋದ. ನನಗೂ ಅದೇ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸೋಮೇಶ್ವರದ ಮರದ ನೆರಳು ನೆನಪಾಗಿ ನುಂಗಿಕೊಂಡೆ. ಏನೂ ಆಗುವುದಿಲ್ಲವೆಂಬ ಮಾತು, ಆಡುವವನ ಭಯವನ್ನು ಆ ಗಳಿಗೆಗೆ ತಗ್ಗಿಸುವುದೇ ಹೊರತು, ಮಾರನೆಯ ದಿನ ಮೇಜಿನ ಮೇಲೆ ಮಲಗಬೇಕಾದವಳ ಬಾಯಿಯನ್ನು ಮುಚ್ಚಿಸಿಬಿಡುತ್ತದೆ. ನಾನು ಬರೆಯುತ್ತ ಹೋದೆ. ಮುಗಿದ ಮೇಲೆ ಓದಿ ಹೇಳಿದೆ. ಮಜ್ಜಿಗೆಯ ಸಂಗತಿಯನ್ನು ಇನ್ನೊಮ್ಮೆ ಓದಿಸಿ ಕೇಳಿದಳು. ಆ ರಾತ್ರಿ ಅವಳು ನಿದ್ರೆ ಮಾಡಿದಳು. ಬಹಳ ದಿನಗಳ ಮೇಲೆ, ಮಗ್ಗುಲಾಗದೆ, ಬೆಳಗಿನ ತನಕ.

ಮುಂಜಾನೆ ಐದಕ್ಕೆ ದಾದಿ ಬಂದು ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕೆಂದಳು. ರಕ್ತಸ್ರಾವವನ್ನು ನಿಲ್ಲಿಸಲು ವಿದ್ಯುತ್ತಿನ ಉಪಕರಣವನ್ನು ಬಳಸುವುದರಿಂದ ಲೋಹವಿದ್ದಲ್ಲಿ ಚರ್ಮ ಸುಡುವ ಭಯ. ಬಳೆಗಳು ಸಾಬೂನಿನ ನೊರೆಯಲ್ಲಿ ಜಾರಿದವು. ಕಾಲುಂಗುರಗಳನ್ನು ತಂಗಿ ತೆಗೆದಳು. ಮೂಗುಬೊಟ್ಟು ಮಾತ್ರ ಬರಲೊಲ್ಲದು. ಮದುವೆಗೆ ಮುಂಚೆ ತಿರುಪು ಹಾಕಿದ್ದು ಮತ್ತೆ ಬಿಚ್ಚಿಯೇ ಇರಲಿಲ್ಲ. ಬತ್ತಿಯ ತುದಿಯಿಂದ ಕೊಬ್ಬರಿ ಎಣ್ಣೆಯನ್ನು ಬಿಟ್ಟು, ಕಾದು, ಮೆಲ್ಲಗೆ ತಿರುಗಿಸುತ್ತ ಕಾಲು ಗಂಟೆ ಕಳೆಯಿತು. ಅದು ಬಿಡಿಸಿ ಬಂದಾಗ, ಐದಾರು ದಶಕ ಬಿಸಿಲು ಕಾಣದ ಆ ಕಡಲೆಯಷ್ಟಗಲದ ಚರ್ಮ ಹಸುಗೂಸಿನದರಂತೆ ಬೆಳ್ಳಗೆ ಮೃದುವಾಗಿತ್ತು. ಕೊನೆಗೆ ಉಳಿದದ್ದು ತಾಳಿ. ದಾದಿ ಹೇಳಲು ಹಿಂಜರಿದಳು. ಅಮ್ಮ ತಾನೇ ಕೊರಳಿಗೆ ಕೈಹಾಕಿ, ಅರಿಸಿನದ ದಾರದಲ್ಲಿ ಪೋಣಿಸಿದ್ದ ಅದನ್ನು ತೆಗೆದು, ಯಾವ ಪೆಟ್ಟಿಗೆಗೂ ಹಾಕಗೊಡದೆ, ಅಪ್ಪಯ್ಯನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದಳು. “ನೀವೇ ಇಟ್ಕೊಳ್ಳಿ. ಕೆಳಗೆ ಇಡ್ಬೇಡಿ,” ಎಂದಳು. ಅಪ್ಪಯ್ಯ ಅದನ್ನು ತಮ್ಮ ಬಿಳಿಯ ಅಂಗಿಯ ಎದೆಯ ಜೇಬಿನಲ್ಲಿಟ್ಟುಕೊಂಡರು.

ಶಸ್ತ್ರಚಿಕಿತ್ಸೆ ಐದು ಗಂಟೆ ಹಿಡಿಯಿತು. ಆ ಐದು ಗಂಟೆಗಳ ವಿಷಯವಾಗಿ ಹೇಳಲು ನನ್ನಲ್ಲಿ ಹೆಚ್ಚಿಲ್ಲ. ಜಾನ್ ಗಿಬ್ಬನ್ ಎಂಬ ವೈದ್ಯನ ಸಂಗತಿಯನ್ನು ನಾನು ಹಿಂದೆ ಓದಿದ್ದೆ. ಅಲ್ಲಿ ಕುಳಿತಾಗ ಅದೇ ಮತ್ತೆ ಮತ್ತೆ ನೆನಪಿಗೆ ಬರುತ್ತಿತ್ತು. 1930ರ ದಶಕದ ಆರಂಭದಲ್ಲಿ, ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಇನ್ನೂ ತರುಣನಾಗಿದ್ದ ಆತ, ಶ್ವಾಸಕೋಶದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಉಸಿರಿಗಾಗಿ ಹೋರಾಡುತ್ತಿದ್ದ ಒಬ್ಬ ಸ್ತ್ರೀಯ ಮಂಚದ ಬಳಿ ರಾತ್ರಿಯಿಡೀ ಕುಳಿತು ನಾಡಿಯನ್ನೂ ರಕ್ತದೊತ್ತಡವನ್ನೂ ಬರೆದುಕೊಳ್ಳುತ್ತಿದ್ದನಂತೆ. ಆಕೆ ಉಳಿಯಲಿಲ್ಲ. ಆಕೆಯ ಕಪ್ಪಾದ ರಕ್ತವನ್ನು ಹೊರಗೆ ತಂದು, ಪ್ರಾಣವಾಯುವನ್ನು ಕೂಡಿಸಿ, ಮತ್ತೆ ಒಳಗೆ ಕಳುಹಿಸುವಂತಾಗಿದ್ದರೆ ಎಂಬ ಆ ರಾತ್ರಿಯ ಹಂಬಲವನ್ನೇ ಹಿಡಿದು ಆತ ಎರಡು ದಶಕ ದುಡಿದ. ಹೆಂಡತಿಯೂ ಪ್ರಯೋಗಶಾಲೆಯಲ್ಲಿ ಜೊತೆಗೆ ದುಡಿದಳು. 1953ರ ಮೇ 6ರಂದು, ಫಿಲಡೆಲ್ಫಿಯಾದಲ್ಲಿ, 18 ವರ್ಷದ ಹುಡುಗಿಯೊಬ್ಬಳ ಹೃದಯವನ್ನು ತೆರೆದು ಸರಿಪಡಿಸುವಾಗ 26 ನಿಮಿಷಗಳ ಕಾಲ ಆ ಯಂತ್ರವೇ ಅವಳ ಹೃದಯವೂ ಶ್ವಾಸಕೋಶವೂ ಆಗಿತ್ತು. ಕಾಲಿನ ನಾಳವನ್ನು ಹೃದಯಕ್ಕೆ ಹೊಲಿಯುವ ವಿದ್ಯೆಯನ್ನು 1967ರಲ್ಲಿ ನೆಲೆಗೊಳಿಸಿದ ರೆನೆ ಫವಲೋರೋ ಅದಕ್ಕೆ ಮುಂಚೆ ಅರ್ಜೆಂಟೀನದ ಹಳ್ಳಿಗಾಡಿನಲ್ಲಿ 12 ವರ್ಷ ವೈದ್ಯನಾಗಿದ್ದವನು. ಅಂಥವರ ರಾತ್ರಿಗಳ ಋಣದಲ್ಲಿ ನನ್ನ ತಾಯಿ ಗೋಡೆಯ ಆಚೆ ಮಲಗಿದ್ದಳು. ಅಪ್ಪಯ್ಯ ಕಾಫಿಯನ್ನೂ ಮುಟ್ಟಲಿಲ್ಲ. ಐದು ಗಂಟೆಯೂ ಬಲಗೈಯನ್ನು ಜೇಬಿನ ಮೇಲಿಟ್ಟುಕೊಂಡೇ ಕುಳಿತಿದ್ದರು.

ಎಲ್ಲ ಸರಿಯಾಯಿತೆಂದು ವೈದ್ಯರು ಹೇಳಿದ ಎರಡನೆಯ ರಾತ್ರಿ, ತೀವ್ರನಿಗಾ ಘಟಕದಿಂದ ನನಗೆ ಕರೆ ಬಂತು. ಅಮ್ಮ ಸೂಜಿಗಳನ್ನು ಕೀಳಲು ನೋಡುತ್ತಿದ್ದಳು. ನನ್ನನ್ನು ಕಂಡೊಡನೆ ತೀರಿಹೋದ ತನ್ನ ಅಣ್ಣನ ಹೆಸರಿನಿಂದ ಕರೆದು, “ಗೌರಿ ಕರು ಹಾಕಿದೆ. ಮಳೆ ಬರ್ತಾ ಇದೆ. ಯಾರೂ ಕೊಟ್ಟಿಗೆಗೆ ಹೋಗ್ಲಿಲ್ವಾ?” ಎಂದಳು. ನನ್ನ ಕೈಕಾಲು ತಣ್ಣಗಾದವು. ದೊಡ್ಡ ಶಸ್ತ್ರಚಿಕಿತ್ಸೆಯ ತರುವಾಯ ವೃದ್ಧರ ಬುದ್ಧಿ ಹೀಗೆ ಕೆಲವು ದಿನ ದಿಕ್ಕುಗೆಡುವುದು ಸಾಮಾನ್ಯವೆಂದೂ, ಬಹುಮಟ್ಟಿಗೆ ತಾನಾಗಿಯೇ ತಿಳಿಯಾಗುವುದೆಂದೂ, ಅದಕ್ಕೆ ಪರಿಚಿತವಾದ ಮುಖ, ಕನ್ನಡಕ, ಹಗಲಿನ ಬೆಳಕು ಇವು ಔಷಧದಷ್ಟೇ ಮುಖ್ಯವೆಂದೂ ಯಾರೂ ನಮಗೆ ಮುಂಚಿತವಾಗಿ ಹೇಳಿರಲಿಲ್ಲ; ಹೇಳಿದ್ದರೆ ಆ ಗಳಿಗೆಯ ನರಕ ತಪ್ಪುತ್ತಿತ್ತು. ಹರಕು ಕನ್ನಡದ ಮಲೆಯಾಳಿ ದಾದಿಯೊಬ್ಬಳು, “ಹೆದರಬೇಡ ಚೇಟಾ, ಮಾತಾಡಿ, ಮಾತಾಡಿ,” ಎಂದು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಳು. ಕರು ಹಾಕಿತು ಅಮ್ಮಾ, ನೋಡಿ ಬಂದೆ, ಎಂದರೆ ಅವಳು ಆ ಕ್ಷಣಕ್ಕೆ ಸುಮ್ಮನಾಗುತ್ತಿದ್ದಳೋ ಏನೋ. ಅವಳಿಗೆ ಕನ್ನಡಕ ಹಾಕಿ, ಕೈಯನ್ನು ಹಿಡಿದುಕೊಂಡು, “ನಾನು ನಿನ್ನ ಮಗ. ಇದು ಆಸ್ಪತ್ರೆ. ಮೊನ್ನೆ ಎದೆಯ ಆಪರೇಶನ್ ಆಯ್ತು, ನೀನೇ ರುಜು ಹಾಕಿದ್ದು. ಗೌರಿ ಇನ್ನೂ ಕರು ಹಾಕಿಲ್ಲ. ಕೆಳಗಿನ ಮನೆಯವರು ರಾತ್ರಿ ಎದ್ದು ನೋಡ್ತಾ ಇದ್ದಾರೆ,” ಎಂದೆ. ಎಷ್ಟು ಸಲ ಹೇಳಿದೆನೋ ತಿಳಿಯದು. ಹೇಳುವಾಗಲೆಲ್ಲ ಅವಳು ಹೊಸದಾಗಿ ಕೇಳುವಳು. ನಾನು ಹೊಸದಾಗಿ ಹೇಳುವೆನು. ಕಿಟಕಿಯ ಗಾಜು ಬೂದುಬಣ್ಣಕ್ಕೆ ತಿರುಗುವ ಹೊತ್ತಿಗೆ, “ಕೆಳಗಿನ ಮನೆಯವರು ದುಡ್ಡಿನ ಮಾತೆತ್ತಲಿಲ್ಲ ತಾನೇ?” ಎಂದಳು. ನನ್ನ ತಾಯಿ ಹಿಂದಿರುಗಿದ್ದಳು.

ಫಾಲ್ಗುಣದಲ್ಲಿ ಊರಿಗೆ ಬಂದೆವು. ಸೀಳಿದ ಎಲುಬನ್ನು ಉಕ್ಕಿನ ತಂತಿಗಳು ಹಿಡಿದುಕೊಂಡಿವೆ. ಅದು ಕೂಡಿ ಗಟ್ಟಿಯಾಗಲು ಮೂರು ತಿಂಗಳಾದರೂ ಬೇಕಾದ್ದರಿಂದ ಕೊಡಪಾನವನ್ನು ಎತ್ತಕೂಡದು, ಕೆಮ್ಮಿದರೂ ನಕ್ಕರೂ ದಿಂಬನ್ನು ಎದೆಗವಚಿಕೊಳ್ಳಬೇಕು. ಮೂಗಿನ ತೂತು ಅಷ್ಟರಲ್ಲಿ ಕಿರಿದಾಗಿತ್ತು. ಮೂಗುಬೊಟ್ಟು ಡಬ್ಬಿಯಲ್ಲಿಯೇ ಉಳಿಯಿತು. ತಾಳಿಯನ್ನು ಅಪ್ಪಯ್ಯ ಆಸ್ಪತ್ರೆಯಲ್ಲಿಯೇ ಅವಳ ಕೊರಳಿಗೆ ಹಿಂದಿರುಗಿಸಿದ್ದರು. ಆದರೆ ದಿನಗಟ್ಟಲೆ ಬೆವರಿನಲ್ಲಿ ನೆನೆದ ಅರಿಸಿನದ ದಾರ ಅವರ ಬಿಳಿಯ ಅಂಗಿಯ ಜೇಬಿನ ಮೇಲೆ ಹಳದಿಯ ಕಲೆಯನ್ನು ಬಿಟ್ಟಿತ್ತು. ಒಂದು ಬೆಳಗ್ಗೆ, ಯಾರಿಗೂ ಹೇಳದೆ, ಎಂಬತ್ತರ ಆ ಮನುಷ್ಯ ಜೀವಮಾನದಲ್ಲಿ ಮೊದಲ ಬಾರಿಗೆ ತಮ್ಮ ಅಂಗಿಯನ್ನು ತಾವೇ ಒಗೆಯುವ ಕಲ್ಲಿಗೆ ಒಯ್ದು ಸಾಬೂನು ಹಚ್ಚಿದರು. ಅರಿಸಿನಕ್ಕೆ ಸಾಬೂನು ತಾಗಿದೊಡನೆ ಕಲೆ ರಕ್ತದಂತೆ ಕೆಂಪಾಯಿತು. “ಏ, ಇಲ್ಲಿ ನೋಡು! ಇದೇನಿದು?” ಎಂಬ ಅವರ ಗಾಬರಿಯ ಕೂಗು ಅಂಗಳವನ್ನು ದಾಟಿ ಬಂತು. ಜಗಲಿಯಲ್ಲಿ ಗೋಲಿಗಳನ್ನು ಏಳಿಸುತ್ತ ಕುಳಿತಿದ್ದ ಅಮ್ಮ ನಳಿಗೆಯನ್ನು ಬಾಯಿಂದ ತೆಗೆದು, ದಿಂಬನ್ನು ಎರಡೂ ಕೈಗಳಿಂದ ಎದೆಗವಚಿಕೊಂಡು, ನೋವಿಗೆ ಕಣ್ಣು ಮುಚ್ಚಿ ನಕ್ಕು, “ಬಿಸಿಲಿಗೆ ಹರವಿ, ಹೋಗ್ತದೆ,” ಎಂದಳು.